ಕಲ್ಲನ್ನೋದಿದ ಬ್ರೂಸ್ ಫೂಟರು

ನಂದಗಡವೆಂದೊಡನೆ 1831ರಲ್ಲಿ ಅಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸ್ಮರಣೆಯಾಗುವುದು ಸಹಜ. ಆ ವೀರನು ಪ್ರಾಣವನ್ನಿತ್ತ ಈ ನಾಡಿನ ಒಡಲನ್ನು ಶಾಸ್ತ್ರರೀತಿಯಿಂದ ಓದಿದವರಲ್ಲಿ ಅಗ್ರಗಣ್ಯನು ಪರದೇಶೀಯನೊಬ್ಬನೆಂಬುದು ವಿಚಾರಾರ್ಹವಾಗಿದೆ.

ರಾಬರ್ಟ್ ಬ್ರೂಸ್ ಫೂಟರು 1834ರಲ್ಲಿ ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮಿನಲ್ಲಿ ಜನಿಸಿ, 1858ರಲ್ಲಿ ಭಾರತದ ಭೂಗರ್ಭ ಪರಿಶೋಧನೆಯ ಇಲಾಖೆಯನ್ನು ಸೇರಿದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ದೊರೆತ ಕಲ್ಲಿನಾಯುಧವು ಈ ದೇಶದ ಮಾನವನ ಪ್ರಾಚೀನತೆಗೆ ಸಾಕ್ಷಿಯಾಯಿತು. ಅನಂತರ ಅವರು ನಮ್ಮ ಭಾಗದಲ್ಲಿ ಸಂಚರಿಸಿ, ಉತ್ತರದ ಕಪ್ಪು ಅಗ್ನಿಶಿಲೆಯ ಹರವು ಎಲ್ಲಿ ಮುಗಿದು ಪುರಾತನ ಶಿಲೆಗಳು ಎಲ್ಲಿ ತಲೆದೋರುವುವೆಂಬುದನ್ನು ಗುರುತಿಸಿ, 1876ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಗೋಕಾಕದ ಸೀಮೆಯ ಹಳ್ಳವೊಂದರಲ್ಲಿ ದೊರೆತ ಖಡ್ಗಮೃಗದ ಅಸ್ಥಿಶೇಷಗಳನ್ನು ಪರೀಕ್ಷಿಸಿ, ಅದು ಹೊಸದೊಂದು ಜಾತಿಯೆಂದು 1874ರಲ್ಲಿ ಸಾರಿದರು. 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಗೆ ಅವರೇ ಅಡಿಪಾಯ ಹಾಕಿದರು. 1904ರಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಅವರ ಸಂಗ್ರಹಕ್ಕೆ ಬೆಲೆ ಬಂದುದು ವಸ್ತುಗಳು ಸಿಕ್ಕ ಸ್ಥಳಗಳನ್ನು ಅವರು ಬರೆದಿಟ್ಟುದರಿಂದ. ಸ್ಥಳ ತಿಳಿಯದ ಕಲ್ಲು ಪ್ರಯೋಗಶಾಲೆಯಲ್ಲಿ ಅರ್ಧ ಮೂಕವೇ ಸರಿ. 1912ರಲ್ಲಿ ಅವರು ಕಾಲವಶರಾದರು.

ಇಂದು ಭೂಗೋಳವನ್ನಭ್ಯಸಿಸುವ ನಮ್ಮ ತರುಣರಿಗೆ ಮಣ್ಣು ಜರಡಿಯಾಡುವ, ಶಿಲೆಯನ್ನು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಯುಂಟು. ಆದರೆ ಅದು ಬಯಲಿನ ನಡಿಗೆಯಿಂದಲೇ ಮೊದಲಾಗಬೇಕು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಮಳೆಕಾಡಿನಿಂದ ಮೂಡಣದ ಎರೆಭೂಮಿಯವರೆಗಿನ ದಾರಿಯೇ ಅವರ ಪಾಠಶಾಲೆ. ತನ್ನ ನೆಲವನ್ನು ತಾನೇ ಅಳೆಯಲರಿಯದ ಜನವು ಅನ್ಯರ ವರದಿಯನ್ನು ನೆಚ್ಚಿರಬೇಕಾಗುವುದು; ಅದು ಸ್ವರಾಜ್ಯಕ್ಕೆ ಶೋಭೆಯಲ್ಲ.