ಡಾ. ಐಡಾ ಸ್ಕಡರ್

ಹಿಂದೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನ ಹಳ್ಳಿಗಳಲ್ಲಿ ಬಸುರಿಗೆ ನೋವು ಕಾಣಿಸಿಕೊಂಡರೆ ಸೂಲಗಿತ್ತಿಯನ್ನು ಕರೆತರುತ್ತಿದ್ದರು. ಅನುಭವಸ್ಥೆಯಾದ ಸೂಲಗಿತ್ತಿಯ ಕೈಯಲ್ಲಿ ಎಷ್ಟೋ ಹೆರಿಗೆಗಳು ಸುಸೂತ್ರವಾಗಿ ಆಗುತ್ತಿದ್ದುವು. ಆದರೆ ಮಗು ಅಡ್ಡ ತಿರುಗಿದ್ದರೆ, ರಕ್ತಸ್ರಾವ ನಿಲ್ಲದೆ ಹೋದರೆ ಅವಳೂ ನಿರುಪಾಯಳು. ಪರಪುರುಷನು ವೈದ್ಯನೇ ಆಗಿದ್ದರೂ ಹಲವು ಮನೆಗಳಲ್ಲಿ ಹೆರಿಗೆಯ ಕೋಣೆಗೆ ಕಾಲಿಡುವಂತಿರಲಿಲ್ಲ. ಮದರಾಸು ಸೀಮೆಯಲ್ಲಿಯೂ ಇದೇ ಸ್ಥಿತಿ. ಅದನ್ನು ಅಲ್ಲಿ ಕಣ್ಣಾರೆ ಕಂಡು, ತಾಯಂದಿರ ರಕ್ಷಣೆಗಾಗಿ ಬಾಳನ್ನೇ ಮುಡಿಪಾಗಿಟ್ಟವರು ವೆಲ್ಲೂರಿನ ಡಾ. ಐಡಾ ಸ್ಕಡರ್.

ಐಡಾ ಅವರು 1870ರಲ್ಲಿ ರಾಣಿಪೇಟೆಯಲ್ಲಿ ಜನಿಸಿದರು. ಅಮೆರಿಕದಿಂದ ಬಂದ ವೈದ್ಯ ಮಿಷನರಿಗಳ ಮನೆತನ ಅವರದು. ಅಮೆರಿಕದಲ್ಲಿ ಓದು ಮುಗಿಸಿ, ತಾಯಿಯ ಅಸ್ವಸ್ಥತೆಯ ಕಾರಣ 1890ರಲ್ಲಿ ತಿಂಡಿವನಕ್ಕೆ ಬಂದ ಆ ತರುಣಿಗೆ ಇಲ್ಲಿಯೇ ನೆಲೆಸುವ ಮನಸ್ಸು ಇರಲಿಲ್ಲ. ಒಂದು ರಾತ್ರಿ ಮೂವರು ಗೃಹಸ್ಥರು ಒಬ್ಬರ ಹಿಂದೊಬ್ಬರು ಬಂದು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಎಳೆಯ ಪತ್ನಿಯರನ್ನು ಉಳಿಸಿಕೊಡುವಂತೆ ಬೇಡಿಕೊಂಡರು. ವೈದ್ಯರಾಗಿದ್ದ ತಂದೆಯನ್ನು ಕರೆದೊಯ್ಯಲು ಮೂವರೂ ಒಪ್ಪಲಿಲ್ಲ. ಐಡಾ ಅವರಿಗೋ ವೈದ್ಯ ತಿಳಿಯದು. ಬೆಳಗಾಗುವುದರಲ್ಲಿ ಆ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಐಡಾ ಅವರು ಅಮೆರಿಕಕ್ಕೆ ಮರಳಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದರು. 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು, ಮರುವರ್ಷ ವೆಲ್ಲೂರಿನಲ್ಲಿ ಚಿಕಿತ್ಸೆಯನ್ನಾರಂಭಿಸಿದರು. 1902ರಲ್ಲಿ ಅಲ್ಲಿ ನಲವತ್ತು ಹಾಸಿಗೆಗಳ ಮಹಿಳಾ ಆಸ್ಪತ್ರೆ ತೆರೆಯಿತು. 

ಐಡಾ ಅವರು ದಾದಿಯರ ಶಿಕ್ಷಣಶಾಲೆಯನ್ನು ತೆರೆದುದು 1909ರಲ್ಲಿ. ಹೆಣ್ಣುಮಕ್ಕಳ ವೈದ್ಯಶಾಲೆಯನ್ನು ತೆರೆದುದು 1918ರಲ್ಲಿ. ಈ ಕ್ರಮ ಗಮನಾರ್ಹವಾದುದು. ನಡುರಾತ್ರಿ ವೈದ್ಯರ ಬಾಗಿಲು ತಟ್ಟುವ ಹೊತ್ತಿಗೆ ಅಪಾಯವು ಬಹುದೂರ ಸಾಗಿರುತ್ತದೆ. ಅದನ್ನು ತಿಂಗಳುಗಳ ಮೊದಲೇ ಗುರುತಿಸಬಲ್ಲವಳು ತರಬೇತಿ ಪಡೆದ ದಾದಿ. ಬಸುರಿಯ ಕೆಳರೆಪ್ಪೆಯ ಒಳಭಾಗ ಬಿಳಿಚಿದ್ದರೆ ರಕ್ತಹೀನತೆಯನ್ನು ಶಂಕಿಸಬೇಕು. ರಕ್ತದ ಒತ್ತಡ ಏರಿ, ಮುಖ ಕೈಗಳು ಬಾತುಕೊಂಡಿದ್ದರೆ ಮುಂದೆ ಸೆಳವು ಬಂದು ತಾಯಿಮಕ್ಕಳಿಬ್ಬರ ಜೀವಕ್ಕೂ ಅಪಾಯವಾಗಬಹುದು. ದಿನ ತುಂಬುತ್ತ ಬಂದಾಗ ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ನೋಡಿ, ಮಗುವಿನ ತಲೆ ಕೆಳಗಿದೆಯೋ, ಮಗು ಅಡ್ಡಲಾಗಿದೆಯೋ ತಿಳಿಯಬಹುದು. ಪುಟ್ಟ ಕೊಳವೆಯೊಂದನ್ನು ಹೊಟ್ಟೆಗೆ ಆನಿಸಿ ಕಿವಿಗೊಟ್ಟರೆ ಮಗುವಿನ ಎದೆಬಡಿತ ಕೇಳಿಸುತ್ತದೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160. ಅದಕ್ಕಿಂತ ತೀರ ಇಳಿದರೆ ಮಗು ಸಂಕಟದಲ್ಲಿರಬಹುದು. ಇವಕ್ಕೆಲ್ಲ ಬೇಕಾದುದು ದೊಡ್ಡ ಯಂತ್ರಗಳಲ್ಲ, ಪಳಗಿದ ಕೈ ಮತ್ತು ಎಚ್ಚರದ ಕಿವಿ.

ವೈದ್ಯಶಾಲೆಯ ಹುಡುಗಿಯರು ಉತ್ತೀರ್ಣರಾಗುವರೇ ಎಂದು ಸಂದೇಹಪಟ್ಟವರಿದ್ದರು. 1922ರಲ್ಲಿ ಮೊದಲ ತಂಡದ ಹದಿನಾಲ್ವರು ವೈದ್ಯೆಯರಾಗಿ ಹೊರಬಂದರು. 1946ರಲ್ಲಿ ದಾದಿಯರ ಶಾಲೆಯು ಪದವಿ ಕಾಲೇಜಾಯಿತು. ಅವಿವಾಹಿತರಾಗಿಯೇ ಉಳಿದ ಐಡಾ ಅವರು 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ನಿಧನರಾದರು.