ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ ಪೆಟ್ರೀಷಿಯಾ ಹೈಸ್ಮಿತ್

ಮೆಕಿನ್ನಿಯಿಂದ ಹೊರಟು ಡಲ್ಲಾಸನ್ನು ಪಕ್ಕಕ್ಕೆ ಬಿಟ್ಟು ನೈಋತ್ಯಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಫೋರ್ಟ್ ವರ್ತ್. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದು ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಸ್ಟಾಕ್‌ಯಾರ್ಡ್ಸ್‌ನ ಉದ್ದ ಕೊಂಬಿನ ದನಗಳನ್ನು ತೋರಿಸಲಿಕ್ಕೆ. ಅದೇ ಊರಿನಲ್ಲಿ ೧೯೨೧ರ ಜನವರಿ ೧೯ರಂದು ಹುಟ್ಟಿದ ಒಂದು ಹೆಣ್ಣುಮಗು ಮುಂದೆ ಕೊಲೆ, ಮೋಸ, ಭಯಗಳ ಕಥೆಗಳಿಂದ ಎರಡು ಖಂಡಗಳ ಓದುಗರ ನಿದ್ದೆ ಕೆಡಿಸಿದಳೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಕನ್ನಡಿಗರಿಗೆ ಪತ್ತೇದಾರಿ ಸಾಹಿತ್ಯ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ಪೀಳಿಗೆ ನಮ್ಮದು. ಪುರುಷೋತ್ತಮ ಬಂದನೆಂದರೆ ಕಳ್ಳ ಸಿಕ್ಕಿಬೀಳಲೇಬೇಕು. ಓದುಗ ನೆಮ್ಮದಿಯಿಂದ ದೀಪ ಆರಿಸಬಹುದು. ಹೈಸ್ಮಿತ್ ಬರೆದದ್ದು ಇದಕ್ಕೆ ತೀರ ವಿರುದ್ಧ. ಆಕೆಯ ಕಾದಂಬರಿಯಲ್ಲಿ ಕೊಲೆಗಾರ ಯಾರೆಂಬುದು ಮೊದಲೇ ಗೊತ್ತು. ಅವನು ಸಿಕ್ಕಿಬೀಳದಿರಲಿ ಎಂದು ನಾವೇ ಹಾರೈಸುತ್ತಿರುವುದು ಅರ್ಧ ಪುಸ್ತಕ ಮುಗಿದ ಮೇಲೆ ಅರಿವಿಗೆ ಬರುತ್ತದೆ. ಇಂಥ ಬರವಣಿಗೆ ಎಲ್ಲಿಂದ ಬಂತೆಂದು ತಿಳಿಯಲು ಆಕೆಯ ಬಾಲ್ಯವನ್ನೇ ನೋಡಬೇಕು.

ಹುಟ್ಟಿದಾಗಿನ ಹೆಸರು ಮೇರಿ ಪೆಟ್ರೀಷಿಯಾ ಪ್ಲಾಂಗ್‌ಮನ್. ತಂದೆ ತಾಯಿ ಇಬ್ಬರೂ ಚಿತ್ರ ಬರೆದು ಜೀವನ ಮಾಡುತ್ತಿದ್ದವರು. ಮಗು ಹುಟ್ಟುವ ಕೆಲವೇ ದಿನ ಮುಂಚೆ ಅವರ ವಿಚ್ಛೇದನವಾಯಿತು. ಬಸುರಿನಲ್ಲಿದ್ದಾಗ ಟರ್ಪೆಂಟೈನ್ ಕುಡಿದು ಗರ್ಭ ಇಳಿಸಿಕೊಳ್ಳಲು ನೋಡಿದ್ದೆನೆಂದು ತಾಯಿ ಮೇರಿ ಮುಂದೆ ಮಗಳಿಗೇ ಹೇಳಿದಳಂತೆ. ನಗೆಚಾಟಿಕೆಯಾಗಿ ಹೇಳಿದ್ದಿರಬಹುದು. ಆದರೆ ಯಾವ ಮಗುವಿನ ಕಿವಿಗೂ ಬೀಳಬಾರದ ಮಾತು ಅದು.

ಮಗುವನ್ನು ಸಾಕಿದವಳು ತಾಯಿಯ ತಾಯಿ ವಿಲ್ಲಿ ಮೇ ಕೋಟ್ಸ್. ಫೋರ್ಟ್ ವರ್ತ್‌ನಲ್ಲಿ ಬಾಡಿಗೆದಾರರಿಗೆ ಊಟ ವಸತಿಯ ಮನೆ ನಡೆಸುತ್ತಿದ್ದ ಗಟ್ಟಿಗಿತ್ತಿ. ಅಕ್ಷರ ಕಲಿಸಿದವಳೂ ಅವಳೇ. ತಾಯಿ ಸ್ಟ್ಯಾನ್ಲಿ ಹೈಸ್ಮಿತ್ ಎಂಬಾತನನ್ನು ಮರುಮದುವೆಯಾದಳು. ೧೯೨೭ರಲ್ಲಿ ಸಂಸಾರ ನ್ಯೂಯಾರ್ಕಿಗೆ ಹೋಯಿತು. ಮಲತಂದೆಯ ಮೇಲೆ ಹುಡುಗಿಗೆ ಎಂದೂ ಪ್ರೀತಿ ಹುಟ್ಟಲಿಲ್ಲ; ಹೆಸರು ಮಾತ್ರ ಅವನದೇ ಉಳಿಯಿತು. ಎಳೆಯ ವಯಸ್ಸಿನಲ್ಲೇ ಕಾರ್ಲ್ ಮೆನ್ನಿಂಗರ್ ಎಂಬ ಮನೋವೈದ್ಯನ ಪುಸ್ತಕ ಕೈಗೆ ಸಿಕ್ಕಿತು. ಬೆಂಕಿ ಹಚ್ಚುವ ಚಟದವರು, ಕಳ್ಳತನದ ಗೀಳಿನವರು, ಇಂಥವರೇ ಅದರ ತುಂಬ. ಬೇರೆ ಮಕ್ಕಳು ರಾಕ್ಷಸರ ಕಥೆ ಓದುವ ವಯಸ್ಸಿನಲ್ಲಿ ಈ ಹುಡುಗಿ, ಪಕ್ಕದ ಮನೆಯವರೂ ಒಳಗೊಳಗೆ ಹೀಗೇ ಇರಬಹುದಲ್ಲವೇ ಎಂದು ಯೋಚಿಸತೊಡಗಿದಳು.

ಹನ್ನೆರಡು ವರ್ಷವಾದಾಗ, ೧೯೩೩ರಲ್ಲಿ, ತಾಯಿ ಮಗಳನ್ನು ಫೋರ್ಟ್ ವರ್ತ್‌ಗೆ ಕರೆತಂದಳು. ಗಂಡನನ್ನು ಬಿಟ್ಟು ನಾವಿಬ್ಬರೇ ಇಲ್ಲಿ ಅಜ್ಜಿಯ ಜೊತೆ ಇರೋಣವೆಂದು ನಂಬಿಸಿದಳು. ಕೆಲದಿನಗಳಲ್ಲೇ ಮಗಳನ್ನು ಬಿಟ್ಟು ತಾನೊಬ್ಬಳೇ ನ್ಯೂಯಾರ್ಕಿಗೆ, ಅದೇ ಗಂಡನ ಬಳಿಗೆ, ಹೊರಟುಹೋದಳು. ಆ ಒಂದು ವರ್ಷವನ್ನು ಬದುಕಿನ ಅತ್ಯಂತ ದುಃಖದ ವರ್ಷವೆಂದು ಹೈಸ್ಮಿತ್ ಮುದಿತನದವರೆಗೂ ಹೇಳಿಕೊಂಡಳು. ಮಕ್ಕಳನ್ನು ಒಂದೆರಡು ವರ್ಷ ಊರಿನಲ್ಲಿ ಅಜ್ಜಿ ತಾತನ ಬಳಿ ಬಿಟ್ಟು ಬಂದ ಸಂಸಾರಗಳು ನಮ್ಮಲ್ಲಿಯೂ ಇವೆ. ಅಜ್ಜಿಯ ಪ್ರೀತಿಯೂ ತಾಯಿಯ ಮಾತೂ ಬೇರೆ ಬೇರೆ ಲೆಕ್ಕವೆಂಬುದು ಅಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬರ್ನಾರ್ಡ್ ಕಾಲೇಜಿನಿಂದ ೧೯೪೨ರಲ್ಲಿ ಪದವಿ ಪಡೆದು, ಹೊಟ್ಟೆಪಾಡಿಗೆ ಕಾಮಿಕ್ ಪುಸ್ತಕಗಳ ಕಥೆ ಬರೆಯುವ ಕೆಲಸಕ್ಕೆ ಸೇರಿದಳು. ಹಗಲು ಒಂದು ವೇಷ, ರಾತ್ರಿ ಇನ್ನೊಂದು ವೇಷದ ಶೂರರ ಕಥೆಗಳು. ಆ ಕೆಲಸದ ಬಗ್ಗೆ ಮುಂದೆ ಬಾಯಿಬಿಡಲು ಆಕೆಗೆ ಇಷ್ಟವಿರಲಿಲ್ಲ. ಆದರೂ ಎರಡು ಮುಖದ ಮನುಷ್ಯರನ್ನು ಕಟ್ಟುವ ಕೈ ಅಲ್ಲಿಯೇ ಪಳಗಿತೆಂದು ನನ್ನ ಊಹೆ. ೧೯೪೮ರಲ್ಲಿ ಯಾಡೋ ಎಂಬ ಕಲಾವಿದರ ಆಶ್ರಮದಲ್ಲಿ ಎರಡು ತಿಂಗಳು ಉಳಿಯುವ ಅವಕಾಶ ಒದಗಿತು. ನ್ಯೂಯಾರ್ಕ್ ರಾಜ್ಯದ ಸಾರಾಟೋಗ ಸ್ಪ್ರಿಂಗ್ಸ್‌ನಲ್ಲಿರುವ ಈ ಸಂಸ್ಥೆ ಬರೆಯುವವರಿಗೆ ಊಟ, ವಸತಿ, ಏಕಾಂತ ಕೊಡುತ್ತದೆ. ಅಲ್ಲಿ ತಿದ್ದಿ ರೂಪುಗೊಳಿಸಿದ್ದು ಮೊದಲ ಕಾದಂಬರಿ ಸ್ಟ್ರೇಂಜರ್ಸ್ ಆನ್ ಎ ಟ್ರೇನ್.

ಅದು ೧೯೫೦ರಲ್ಲಿ ಪ್ರಕಟವಾಯಿತು. ಕಥೆ ತೆರೆಯುವುದು ನಮ್ಮ ಟೆಕ್ಸಾಸಿನ ಬಯಲಿನಲ್ಲಿ ಓಡುವ ರೈಲಿನೊಳಗೆ. ವಾಸ್ತುಶಿಲ್ಪಿ ಗೈ ಹೇನ್ಸ್ ಹೆಂಡತಿಯಿಂದ ಬಿಡುಗಡೆ ಪಡೆಯಲು ಮೆಟ್‌ಕಾಫ್ ಎಂಬ ಕಲ್ಪಿತ ಟೆಕ್ಸಾಸ್ ಊರಿಗೆ ಹೊರಟಿದ್ದಾನೆ. ಎದುರಿಗೆ ಕೂತ ಬ್ರೂನೋ ಎಂಬ ಶ್ರೀಮಂತರ ಮಗ ಒಂದು ಉಪಾಯ ಹೇಳುತ್ತಾನೆ: ನಿನ್ನ ಹೆಂಡತಿಯನ್ನು ನಾನು ಕೊಲ್ಲುವೆ, ನನ್ನ ಅಪ್ಪನನ್ನು ನೀನು ಕೊಲ್ಲು, ಇಬ್ಬರಿಗೂ ಕಾರಣವಿಲ್ಲದ ಕೊಲೆ, ಪೊಲೀಸರಿಗೆ ಎಳೆ ಸಿಗದು. ಆಲ್ಫ್ರೆಡ್ ಹಿಚ್‌ಕಾಕ್ ತನ್ನ ಹೆಸರು ಹೇಳಿದರೆ ಬೆಲೆ ಏರೀತೆಂದು ಹೆಸರು ಮುಚ್ಚಿಟ್ಟು ಹಕ್ಕು ಕೊಂಡ. ಸುಮಾರು ೭,೫೦೦ ಡಾಲರಿಗೆ. ಚಿತ್ರ ೧೯೫೧ರಲ್ಲಿ ಬಂತು. ಚಿತ್ರದ ನಾಯಕ ತನ್ನ ಪಾಲಿನ ಕೊಲೆ ಮಾಡುವುದಿಲ್ಲ. ಕಾದಂಬರಿಯ ಗೈ ಮಾತ್ರ ಕೊನೆಗೂ ಮಾಡಿಯೇ ಬಿಡುತ್ತಾನೆ. ಸಭ್ಯ ಮನುಷ್ಯನೂ ಒತ್ತಡದಲ್ಲಿ ಏನು ಮಾಡಿಯಾನು ಎಂಬ ಆ ಒಂದು ಸಂಗತಿಗಾಗಿಯೇ ಆಕೆ ಪುಸ್ತಕ ಬರೆದದ್ದು. ಸಿನಿಮಾ ಅದನ್ನೇ ಕೈಬಿಟ್ಟಿತು.

ಈ ನಡುವೆ ಇನ್ನೊಂದು ಪ್ರಸಂಗ. ಹೈಸ್ಮಿತ್‌ಳ ಒಲವು ಹೆಂಗಸರ ಕಡೆಗಿತ್ತು. ಅಂದಿನ ಅಮೆರಿಕದಲ್ಲಿ ಅದನ್ನು ರೋಗವೆಂದೇ ಎಣಿಸುತ್ತಿದ್ದರು. ಆಕೆ ಮನೋವೈದ್ಯರ ಬಳಿ ಹೋದಳು. ಆ ಖರ್ಚಿಗಾಗಿ ೧೯೪೮ರ ಕ್ರಿಸ್‌ಮಸ್ ಸಮಯದಲ್ಲಿ ಬ್ಲೂಮಿಂಗ್‌ಡೇಲ್ಸ್ ಅಂಗಡಿಯ ಆಟಿಕೆ ವಿಭಾಗದಲ್ಲಿ ಗೊಂಬೆ ಮಾರಿದಳು. ಒಂದು ದಿನ ತುಪ್ಪಳದ ಕೋಟು ತೊಟ್ಟ, ಹೊಂಗೂದಲಿನ ಹೆಂಗಸೊಬ್ಬಳು ಬಂದು ಗೊಂಬೆ ಕೊಂಡು ಹೋದಳು. ನಡೆದದ್ದು ಇಷ್ಟೇ. ಮನೆಗೆ ಬಂದ ಹೈಸ್ಮಿತ್ ಅಂದೇ ಒಂದು ಪ್ರೇಮಕಥೆಯ ರೂಪರೇಷೆ ಬರೆದಿಟ್ಟಳು. ಮರುದಿನ ಸೀತಾಳೆ ಸಿಡುಬಿನ ಜ್ವರದಲ್ಲಿ ಮಲಗಿದಳು. ಆ ಕಥೆ ದಿ ಪ್ರೈಸ್ ಆಫ್ ಸಾಲ್ಟ್ ಎಂಬ ಹೆಸರಿನಲ್ಲಿ ೧೯೫೨ರಲ್ಲಿ ಬಂತು, ಕ್ಲೇರ್ ಮಾರ್ಗನ್ ಎಂಬ ಹುಸಿ ಹೆಸರಿನಲ್ಲಿ. ಅಗ್ಗದ ಆವೃತ್ತಿ ಹತ್ತು ಲಕ್ಷದ ಸಮೀಪ ಖರ್ಚಾಯಿತು. ಇಂಥ ಕಥೆಗಳಲ್ಲಿ ಆವರೆಗೆ ನಾಯಕಿಗೆ ಸಾವೋ ಪಶ್ಚಾತ್ತಾಪವೋ ಕಟ್ಟಿಟ್ಟದ್ದಾಗಿತ್ತು. ಇಲ್ಲಿ ಮಾತ್ರ ಇಬ್ಬರು ಹೆಂಗಸರಿಗೂ ಸುಖದ ಆಸೆ ಉಳಿದಿತ್ತು. ಕೃತಜ್ಞತೆಯ ಪತ್ರಗಳು ರಾಶಿ ರಾಶಿ ಬಂದವು, ಇಲ್ಲದ ಕ್ಲೇರ್ ಮಾರ್ಗನ್‌ಳ ಹೆಸರಿಗೆ. ಪುಸ್ತಕ ತನ್ನದೆಂದು ಹೈಸ್ಮಿತ್ ತನ್ನ ಹೆಸರಿನಲ್ಲಿ ಮರುಮುದ್ರಣ ಮಾಡಿಸಿದ್ದು ೧೯೯೦ರಲ್ಲಿ. ಮೂವತ್ತೆಂಟು ವರ್ಷದ ಮೌನ ಅದು.

೧೯೫೫ರಲ್ಲಿ ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ. ಇದರ ಬೀಜವನ್ನು ನಾವು ಪರದೇಶವಾಸಿಗಳು ಬೇರೆಯವರಿಗಿಂತ ಬೇಗ ಹಿಡಿಯಬಲ್ಲೆವು. ಮಗ ಇಟಲಿಗೆ ಹೋಗಿ ಕೂತಿದ್ದಾನೆ. ಮರಳಿ ಬರುವ ಸುಳಿವಿಲ್ಲ. ಶ್ರೀಮಂತ ತಂದೆ ಟಾಮ್ ರಿಪ್ಲಿ ಎಂಬ ಬಡ ಯುವಕನಿಗೆ ಖರ್ಚು ಕೊಟ್ಟು, ಬುದ್ಧಿ ಹೇಳಿ ಕರೆತಾ ಎಂದು ಕಳಿಸುತ್ತಾನೆ. ರಿಪ್ಲಿ ಹೋಗಿ ಆ ಮಗನ ಗೆಳೆತನ ಮಾಡಿ, ಕೊನೆಗೆ ಅವನನ್ನು ಕೊಂದು, ಅವನದೇ ಬಟ್ಟೆ, ಅವನದೇ ಸಹಿ, ಅವನದೇ ಮಾತಿನ ಧಾಟಿ ತೊಟ್ಟು ಬದುಕತೊಡಗುತ್ತಾನೆ. ಹೊಸ ನಾಡಿನಲ್ಲಿ ಹಳೆಯ ಹೆಸರು ಕಳಚಿ ಹೊಸ ಮನುಷ್ಯನಾಗುವ ಆಸೆ ಎಲ್ಲಿಯವರೆಗೆ ಒಯ್ಯಬಹುದೆಂದು ಇಷ್ಟು ಭಯಂಕರವಾಗಿ ಬರೆದವರು ವಿರಳ. ಕೊನೆಗೂ ಅವನು ಸಿಕ್ಕಿಬೀಳುವುದಿಲ್ಲ. ಅವನನ್ನೇ ಇಟ್ಟುಕೊಂಡು ೧೯೭೦, ೧೯೭೪, ೧೯೮೦ ಮತ್ತು ೧೯೯೧ರಲ್ಲಿ ಮತ್ತೆ ನಾಲ್ಕು ಕಾದಂಬರಿ ಬಂದವು. ಫ್ರೆಂಚರು ೧೯೬೦ರಲ್ಲಿ ಆಲೆನ್ ಡೆಲಾನ್‌ನನ್ನು ಹಾಕಿ ಚಿತ್ರ ಮಾಡಿದರು. ೧೯೯೯ರ ಮ್ಯಾಟ್ ಡೇಮನ್ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ.

ಅಮೆರಿಕದಲ್ಲಿ ಆಕೆಯ ಪುಸ್ತಕಗಳು ಸಾಧಾರಣವಾಗಿ ಹೋದವು, ಯುರೋಪಿನಲ್ಲಿ ಮನ್ನಣೆ ಸಿಕ್ಕಿತು. ೧೯೬೩ರಲ್ಲಿ ಕಾಯಮ್ಮಾಗಿ ಅಲ್ಲಿಗೇ ಹೋದಳು: ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಕೊನೆಗೆ ಸ್ವಿಟ್ಜರ್‌ಲೆಂಡ್. ಪ್ರೇಮಗಳು ಬಂದವು, ಹೋದವು, ಯಾವುದೂ ಮನೆಯಾಗಲಿಲ್ಲ. ಕುಡಿತ ಬೆಳೆಯಿತು. ಬೆಕ್ಕುಗಳನ್ನೂ ಬಸವನ ಹುಳುಗಳನ್ನೂ ಸಾಕಿದಳು. ಒಮ್ಮೆ ಲಂಡನ್ನಿನ ಔತಣಕ್ಕೆ ಕೈಚೀಲದಲ್ಲಿ ಲೆಟ್ಯೂಸ್ ಸಮೇತ ಹುಳುಗಳನ್ನು ಒಯ್ದದ್ದು ಪ್ರಸಿದ್ಧ ಕಥೆ. ಇದು ನಗುವ ಸಂಗತಿ. ನಗಲಾಗದ್ದೂ ಇದೆ. ವಯಸ್ಸಾದಂತೆ ಯೆಹೂದ್ಯರ ಮೇಲೂ ಕರಿಯರ ಮೇಲೂ ಕಹಿ ಕಾರುತ್ತಿದ್ದಳು. ಸುಳ್ಳು ಹೆಸರುಗಳಿಂದ ಪತ್ರಿಕೆಗಳಿಗೆ ಪತ್ರ ಬರೆಯುವ ಚಟವೂ ಇತ್ತು. ಬಾಲ್ಯದ ನೋವನ್ನು ಮುಂದಿಟ್ಟು ಇದನ್ನು ಮನ್ನಿಸುವುದು ನನಗೆ ಸರಿಕಾಣದು. ತಾನೇ ಹೊರಗಿನವಳಾಗಿ ಬದುಕಿದವಳು ಬೇರೆ ಹೊರಗಿನವರನ್ನು ಕಂಡರೆ ಹೀಗೇಕೆ ಉರಿದಳೆಂಬುದು ಆಕೆಯ ಕಾದಂಬರಿಗಳಿಗಿಂತ ದೊಡ್ಡ ರಹಸ್ಯ.

ತಾಯಿ ಮೇರಿ ಮುದಿತನಕ್ಕೆ ಫೋರ್ಟ್ ವರ್ತ್‌ಗೇ ಮರಳಿದ್ದಳು. ತಾಯಿ ಮಗಳ ನಡುವೆ ವರ್ಷಗಟ್ಟಲೆ ಹರಿದ ಪತ್ರಗಳಲ್ಲಿ ಪ್ರೀತಿಗಿಂತ ಜಗಳವೇ ಹೆಚ್ಚು. ೧೯೭೦ರ ದಶಕದಲ್ಲಿ ಅದೂ ನಿಂತಿತು. ೧೯೭೫ರಲ್ಲಿ ತಾಯಿಯ ಸಿಗರೇಟಿನ ಕಿಡಿಯಿಂದ ಮನೆ ಸುಟ್ಟಿತು. ಆಮೇಲೆ ಆಕೆ ಇದ್ದದ್ದು ವೃದ್ಧರ ಶುಶ್ರೂಷಾಲಯದಲ್ಲಿ. ೧೯೯೧ರಲ್ಲಿ, ತೊಂಬತ್ತೈದು ವರ್ಷ ತುಂಬಿ, ತೀರಿಕೊಂಡಳು.

ಮಗಳೂ ಹೆಚ್ಚು ದಿನ ಉಳಿಯಲಿಲ್ಲ. ಸ್ವಿಟ್ಜರ್‌ಲೆಂಡಿನ ಟೆನ್ಯಾ ಹಳ್ಳಿಯಲ್ಲಿ, ಕೋಟೆಯಂಥ ಮನೆ ಕಟ್ಟಿಸಿಕೊಂಡು ಒಂಟಿಯಾಗಿದ್ದವಳು ೧೯೯೫ರ ಫೆಬ್ರವರಿ ೪ರಂದು ಲೊಕಾರ್ನೋ ಆಸ್ಪತ್ರೆಯಲ್ಲಿ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟಳು. ಕೊನೆಯ ಕಾದಂಬರಿ ಸ್ಮಾಲ್ ಜಿ ಅದೇ ವರ್ಷ ಆಕೆಯ ಮರಣಾನಂತರ ಹೊರಬಂತು. ಸುಮಾರು ಮೂವತ್ತು ಲಕ್ಷ ಡಾಲರಿನ ಆಸ್ತಿ ಹೋದದ್ದು ಯಾಡೋಗೆ, ಎರಡು ತಿಂಗಳು ಅನ್ನ ಹಾಕಿದ ಆ ಆಶ್ರಮಕ್ಕೆ. ಬೀರುವಿನಲ್ಲಿ ಸಿಕ್ಕಿದ ದಿನಚರಿ ಮತ್ತು ಟಿಪ್ಪಣಿ ಪುಸ್ತಕಗಳು ಐವತ್ತಾರು, ಸುಮಾರು ಎಂಟು ಸಾವಿರ ಪುಟ. ಅವು ಬರ್ನ್ ನಗರದ ಸ್ವಿಸ್ ಸಾಹಿತ್ಯ ಸಂಗ್ರಹಾಲಯ ಸೇರಿದವು. ಅವುಗಳಿಂದ ಆರಿಸಿದ ದಪ್ಪ ಸಂಪುಟ ೨೦೨೧ರಲ್ಲಿ, ಆಕೆಯ ಶತಮಾನದ ವರ್ಷದಲ್ಲಿ, ಪ್ರಕಟವಾಯಿತು.