ಭಾಸ್ಕರಾಚಾರ್ಯರು ಮತ್ತು ನನ್ನ ಕವಣೆ ಕಲ್ಲು



ಜೋಳ ತೆನೆ ಹಿಡಿದಾಗ ನಾನು ಹೊಲಕ್ಕೆ ಹಕ್ಕಿ ಕಾಯಲು ಹೋಗಿದ್ದೆ. ಕವಣೆ ಗರಗರ ತಿರುಗಿಸಿ ಬಿಟ್ಟೆ. ನಾನು ನೋಡಿದ್ದು ಮುಂದಕ್ಕೆ, ಕಲ್ಲು ಹೋಗಿದ್ದು ಬಲಕ್ಕೆ! ಬುತ್ತಿ ತರುತ್ತಿದ್ದ ತಂಗಿಯ ಕಿವಿ ಪಕ್ಕದಲ್ಲೇ ಸುಂಯ್ ಅಂತ ಹಾದುಹೋಯಿತು. ಅಪ್ಪ ಕವಣೆ ಕಿತ್ತುಕೊಂಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಗಣಿತದ ಸರ್ ಅವರನ್ನು ಕೇಳಿದೆ. ಅವರು ಹಲಗೆ ಮೇಲೆ ವೃತ್ತ ಬರೆದು, ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ ಎಳೆದರು. ಅದು ಸ್ಪರ್ಶಕ. ಸುತ್ತುವ ಕಲ್ಲಿನ ವೇಗದ ದಿಕ್ಕು ಕ್ಷಣ ಕ್ಷಣಕ್ಕೂ ಬದಲಾಗುತ್ತದೆ. ಕೈ ಬಿಟ್ಟ ಕ್ಷಣದಲ್ಲಿ ಯಾವ ದಿಕ್ಕೋ ಕಲ್ಲು ಅತ್ತಲೇ ಹೋಗುತ್ತದೆ. ಆಮೇಲೆ ಸರ್, ಆಕಾಶದಲ್ಲಿ ಸುತ್ತುವ ಗ್ರಹಗಳಿಗೆ ಆ ಕ್ಷಣದ ವೇಗದ ಲೆಕ್ಕ ಹಾಕಿದ ಭಾಸ್ಕರಾಚಾರ್ಯರ ಕಥೆ ಹೇಳಿದರು.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಅವರ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರದ ಸೀಮೆ ಎಂದು ಕೆಲವರು, ಮಹಾರಾಷ್ಟ್ರದ ಕಡೆ ಎಂದು ಕೆಲವರು ಹೇಳುತ್ತಾರೆ. ತಂದೆ ಮಹೇಶ್ವರರೇ ಅವರಿಗೆ ಗುರುಗಳು. 1150ರಲ್ಲಿ, 36ನೇ ವಯಸ್ಸಿಗೆ, ಸಿದ್ಧಾಂತ ಶಿರೋಮಣಿ ಬರೆದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ಅದರಲ್ಲಿ ನಾಲ್ಕು ಭಾಗ. 1183ರಲ್ಲಿ, ಮುಪ್ಪಿನಲ್ಲೂ, ಕರಣಕುತೂಹಲ ಬರೆದರು.

ಚಂದ್ರ ದಿನಕ್ಕೆ ಸರಾಸರಿ 13 ಡಿಗ್ರಿ ಸಾಗುತ್ತಾನೆ. ಆದರೆ ಒಮ್ಮೆ 12ರ ಹತ್ತಿರ, ಒಮ್ಮೆ 15ರ ಹತ್ತಿರ. ಬರೀ ಸರಾಸರಿ ಹಿಡಿದರೆ ಗ್ರಹಣದ ಹೊತ್ತು ತಪ್ಪುತ್ತದೆ. ಅದಕ್ಕೇ ಅವರು ಆ ಕ್ಷಣದ ವೇಗವನ್ನೇ ಲೆಕ್ಕ ಹಾಕಿದರು. ಅದರ ಹೆಸರು ತಾತ್ಕಾಲಿಕ ಗತಿ. ಆಗ ನ್ಯೂಟನ್ ಹುಟ್ಟಲು ಇನ್ನೂ ಸುಮಾರು 500 ವರ್ಷ ಇತ್ತು!

ನಾನೂ ತಂಗಿಯೂ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಗಾಲಿಗೆ ಕೆಂಪು ಬಟ್ಟೆ ಕಟ್ಟಿ ತಿರುಗಿಸಿ ನೋಡಿದೆವು. ಅಚ್ಚಿನ ಮಟ್ಟದಲ್ಲಿ ಬಟ್ಟೆ ಸರ್ರನೆ ಮೇಲೇರುತ್ತದೆ. ತುತ್ತತುದಿಯಲ್ಲಿ ಏರುವುದು ಸೊನ್ನೆ, ಬರೀ ಅಡ್ಡಕ್ಕೆ ಓಡುತ್ತದೆ. ಅಚ್ಚಿನಿಂದ ಎತ್ತರ ಜ್ಯಾ, ಅಡ್ಡ ದೂರ ಕೋಟಿಜ್ಯಾ. ಕೋಟಿಜ್ಯಾ ದೊಡ್ಡದಿದ್ದರೆ ಜ್ಯಾ ಬೇಗ ಬೆಳೆಯುತ್ತದೆ. ಅದು ಸೊನ್ನೆಯಾದಾಗ ಜ್ಯಾ ಬೆಳೆಯುವುದು ನಿಲ್ಲುತ್ತದೆ. ಈ ನಿಯಮವನ್ನೇ ಅವರು ಗ್ರಹಗಳ ಲೆಕ್ಕಕ್ಕೆ ಬಳಸಿದರು.

1979ರಲ್ಲಿ ಹಾರಿದ ನಮ್ಮ ದೇಶದ ಉಪಗ್ರಹಕ್ಕೆ ಭಾಸ್ಕರ ಎಂದೇ ಹೆಸರಿಟ್ಟರು.

ಅಪ್ಪ ಕವಣೆ ವಾಪಸ್ ಕೊಟ್ಟಿದ್ದಾನೆ. ಈಗ ನಾನು ಮುಂದಷ್ಟೇ ಅಲ್ಲ, ಸುತ್ತಲೂ ನೋಡಿ ಯಾರೂ ಇಲ್ಲದಿದ್ದರೆ ಮಾತ್ರ ತಿರುಗಿಸುತ್ತೇನೆ. ನೀವೂ ಹಾಗೇ ಮಾಡಿರಿ.

– ಏಳನೇ ತರಗತಿ